ಅವಲಕ್ಕಿ ಪವಲಕ್ಕಿಯನ್ನು ಬ್ಯಾಂಡಿಗೆ ಕೂರಿಸುವುದು ಹೀಗೆ

ಮಕ್ಕಳ ಹಳೆಯ ಪದವನ್ನು ಬ್ಯಾಂಡಿನಲ್ಲಿ ನುಡಿಸಬೇಕು ಅಂದರೆ, ಕೇಳುವವರಿಗೆ ಅದು ಮೊದಲೇ ಬಾಯಿಪಾಠ ಇರಬೇಕು. ನಾನು ಕೋಲಾರದಲ್ಲಿ ಮದುವೆ ಬ್ಯಾಂಡಿನ ಕ್ಲಾರಿನೆಟ್‌ನವನು. ಮೆರವಣಿಗೆಯಲ್ಲಿ ಜನ ಕೇಳುವುದು ಸಿನಿಮಾ ಹಾಡನ್ನೇ, ಬೇಡ ಅನ್ನುವುದಿಲ್ಲ. ಆದರೆ ನಡುವೆ ಒಮ್ಮೆ 'ಅವಲಕ್ಕಿ ಪವಲಕ್ಕಿ' ಎತ್ತಿದರೆ ಅಜ್ಜಿಯರೂ ದನಿ ಕೂಡಿಸುತ್ತಾರೆ.

ಮಕ್ಕಳ ಪದವನ್ನು ಬ್ಯಾಂಡಿಗೆ ಕೂರಿಸುವುದು ಹೇಗೆ ಅಂತ ತಿಳಿಯಲು ಮೊದಲು 'ಎ ಟಿಸ್ಕೆಟ್ ಎ ಟಾಸ್ಕೆಟ್' ಕೇಳಿಬಿಡಿ. ಅಮೆರಿಕದ ಮಕ್ಕಳು ದುಂಡಗೆ ನಿಂತು, ಒಬ್ಬರ ಬೆನ್ನ ಹಿಂದೆ ಕರವಸ್ತ್ರ ಬೀಳಿಸಿ ಓಡುವ ಆಟದ ಪದ ಅದು. ನಮ್ಮ ಟೋಪಿ ಆಟ ಇದೆಯಲ್ಲ, ಅದರ ಜಾತಿಯದೇ. 1938ರ ಮೇ 2ರಂದು ಜಾಝ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಅದನ್ನು ಚಿಕ್ ವೆಬ್ ಬ್ಯಾಂಡಿನ ಜೊತೆ ಡೆಕ್ಕಾ ರೆಕಾರ್ಡ್ ಕಂಪನಿಗೆ ಹಾಡಿದರು. ಆಗ ಅವರಿಗೆ 21 ವರ್ಷ. ಆಲ್ ಫೆಲ್ಡ್‌ಮನ್ ಅನ್ನುವವರು ಅವರ ಜೊತೆ ಸೇರಿ ಬ್ಯಾಂಡಿಗೆ ಹೊಂದಿಸಿಕೊಟ್ಟಿದ್ದರು. ಆ ವರ್ಷ ಅಮೆರಿಕದಲ್ಲೆಲ್ಲ ಅದೇ ಹಾಡು.

ಅವರು ಎಷ್ಟು ಕಮ್ಮಿ ಬದಲಿಸಿದರು ಅನ್ನುವುದನ್ನು ಗಮನಿಸಿ. ಹಸಿರು ಹಳದಿ ಬುಟ್ಟಿ ಕಂದು ಹಳದಿ ಆಯಿತು. ಬುಟ್ಟಿ ಎತ್ತಿಕೊಂಡ ಹುಡುಗಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಆಗಿನ ಡಾನ್ಸಿನ ಹೆಜ್ಜೆ ಹಾಕುತ್ತಾ ಹೋದಳು. ಆಮೇಲೆ ವಾದ್ಯದವರೇ ಬಾಯಿ ಹಾಕಿ, ಬುಟ್ಟಿ ಕೆಂಪಾ, ಹಸಿರಾ, ನೀಲಿಯಾ ಅಂತ ಕೇಳುತ್ತಾರೆ. ಎಲಾ ಅಲ್ಲ ಅಲ್ಲ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಹಾಡನ್ನು ಗೆಲ್ಲಿಸಿದ್ದು ಈ ಸವಾಲ್ ಜವಾಬು. ಹಿಡಿದುಕೊಳ್ಳಬೇಕಾದ್ದೂ ಅದನ್ನೇ.

ಈಗ ನಮ್ಮ ಪದಕ್ಕೆ ಬನ್ನಿ. ಇದಕ್ಕೆ ಗಟ್ಟಿ ರಾಗ ಇಲ್ಲ, ಮಾತಿನ ಹಾಗೆ ಹೇಳುವುದು. ಸ ರಿ ಗ ಪ, ಇಷ್ಟೇ ಸ್ವರ ಸಾಕು. ಜಾಸ್ತಿ ಹಾಕಿದರೆ ಮಕ್ಕಳು ಹಾಡುವುದಿಲ್ಲ. ಹಾಡುವವರ ಷಡ್ಜ ಬಿ ಫ್ಲಾಟಿಗೆ ಇಡಿ. ಟ್ರಂಪೆಟ್, ಕ್ಲಾರಿನೆಟ್ ಎರಡೂ ಬಿ ಫ್ಲಾಟ್ ವಾದ್ಯ, ಅಂದರೆ ಅವುಗಳಲ್ಲಿ ಸಿ ಅಂತ ಊದಿದರೆ ಕೇಳುವುದು ಬಿ ಫ್ಲಾಟ್, ಹಾಗಾಗಿ ನುಡಿಸುವವರಿಗೆ ಅದು ಸೀದಾ ಸಿ ಸ್ಕೇಲು.

ಕಷ್ಟ ಇರುವುದು ನಡೆಯಲ್ಲಿ. ಸುಮ್ನೆ ಸಮಸಮವಾಗಿ ನುಡಿಸಿದರೆ ಶಾಲೆಯ ಕವಾಯತು ಆಗುತ್ತದೆ. ಸ್ವಿಂಗ್, ಅಂದರೆ ಜಾಝ್‌ನವರ ಆ ತೂಗುವ ನಡೆ, ಬರಬೇಕಾದರೆ ಒಂದು ಏಟಿಗೆ 'ತಕಿಟ' ಹೇಳಿ, ನಡುವಿನ 'ಕಿ' ನುಂಗಿ. ತ–ಟ, ತ–ಟ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಅದರ ಮೇಲೆ 'ಅ–ವ, ಲಕ್–ಕಿ' ಕೂರಿಸಿ. 'ಲಕ್ಕಿ' ತಾನಾಗಿಯೇ ಆ ನಡೆಗೆ ಬೀಳುತ್ತದೆ, 'ಅವ' ಮಾತ್ರ ಸ್ವಲ್ಪ ಎಳೆಯಬೇಕು. ವಾದ್ಯ ಮುಟ್ಟುವ ಮುಂಚೆ ಎಲ್ಲರೂ ಇದನ್ನು ಚಪ್ಪಾಳೆ ತಟ್ಟಿ ಬಾಯಲ್ಲೇ ಹೇಳಲಿ. ನಮ್ಮ ಸೈಡ್ ಡ್ರಮ್ಮಿನ ಹುಡುಗನಿಗೆ ಇದು ಹೇಳಿದ ತಕ್ಷಣ ಬಂತು, ತಮಟೆ ಬಡಿದ ಕೈ ಅದು. ಟ್ರಂಪೆಟ್‌ನವರಿಗೆ ತಡ ಆಯಿತು. ಚಿಕ್ ವೆಬ್ ಕೂಡ ಡ್ರಮ್ಮರ್ರೇ, ಬ್ಯಾಂಡ್ ನಡೆಸುತ್ತಿದ್ದುದು ಡ್ರಮ್ಮಿನ ಹಿಂದಿನಿಂದ.

'ಡಾಂ ಡೂಂ' ಬಂದಾಗ ಊದುವವರೆಲ್ಲ ಸುಮ್ಮನಾಗಬೇಕು. ಅದು ದೊಡ್ಡ ಡ್ರಮ್ಮಿನ ಪಾಲು, ಬೇರೆ ಯಾರೂ ಮುಟ್ಟಬಾರದು.

ಎರಡು ಸಲ ಪದ ಮುಗಿದ ಮೇಲೆ ಸವಾಲ್ ಜವಾಬು. ವಾದ್ಯ ಇಳಿಸಿ ಕೂಗಿ: "ಗಟ್ಟಿ ಅವಲಕ್ಕಿಯಾ?" ಜನ: "ಅಲ್ಲ ಅಲ್ಲ!" "ಪೇಪರ್ ಅವಲಕ್ಕಿಯಾ?" "ಅಲ್ಲ ಅಲ್ಲ!" "ಮತ್ತೇನು?" "ಗೊಜ್ಜವಲಕ್ಕಿ!" ಮೊದಲ ಸಲ ಜನ ಉತ್ತರ ಕೊಡುವುದಿಲ್ಲ, ಅದಕ್ಕೇ ನಮ್ಮವರಿಬ್ಬರು ಅವರ ನಡುವೆ ನಿಂತಿರುತ್ತಾರೆ. ಮುಳಬಾಗಿಲ ಕಡೆ ತೆಲುಗಿನಲ್ಲೇ "ಕಾದು ಕಾದು" ಅಂತ ಕೂಗುತ್ತಾರೆ. ಕೂಗಲಿ, ತಾಳ ಕೆಡುವುದಿಲ್ಲ. ಒಂದು ಮದುವೆಯಲ್ಲಿ ಅಡುಗೆ ಭಟ್ಟರೇ ಸೌಟು ಹಿಡಿದು ಹೊರಗೆ ಬಂದು "ಉಪ್ಪಿಟ್ಟು" ಅಂದರು, ಅಲ್ಲಿಂದ ಮುಂದೆ ಆ ದಿನ ಉಪ್ಪಿಟ್ಟೇ ಉತ್ತರ ಆಯಿತು.

ಕೀಬೋರ್ಡಿನಲ್ಲಿ ರೆಡಿಮೇಡ್ ಬೀಟ್ ಹಾಕಬೇಡಿ. ಅದು ಜನರ ಉತ್ತರಕ್ಕೆ ಕಾಯುವುದಿಲ್ಲ.

ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಿಡಿಯುತ್ತಿದ್ದುದು. ನಮಗೆ ಹಾಗಲ್ಲ, ಗಂಡಿನ ಕಾರು ಮುಂದೆ ಹೋಗುವ ತನಕ ಹಾಡು ಎಳೆಯಬೇಕು. ಮುಗಿಸುವ ಸನ್ನೆ ಮೊದಲೇ ಮಾತಾಡಿಕೊಳ್ಳಿ. ನಾನು ಕ್ಲಾರಿನೆಟ್ ಮೇಲೆತ್ತಿದರೆ ಆ ಸುತ್ತಿನ 'ಕೊಟಾರ್'ಗೆ ಎಲ್ಲರೂ ಒಟ್ಟಿಗೆ ಒಂದು ಏಟು, ಅಷ್ಟಕ್ಕೆ ನಿಲುಗಡೆ.