ಡಿಸ್ಕ್ ಕೊಂಡೆ, ಸಬ್‌ಟೈಟಲ್ ನಾನೇ ಕೂರಿಸಿದೆ

"ತಿಂಗಳಿಗೆ ಇಷ್ಟು ಅಂತ ಕಟ್ಟಿದ್ರೆ ಆ್ಯಪ್‌ನಲ್ಲೇ ಎಲ್ಲಾ ಜಪಾನೀಸ್ ಅನಿಮೆ ಕಾರ್ಟೂನ್ ಸಿಗುತ್ತೆ, ಸುಮ್ನೆ ಡಿಸ್ಕ್ ಯಾಕೆ?" ಅಂತ ಡಲ್ಲಾಸ್‌ನ ಗೆಳೆಯರೆಲ್ಲ ಕೇಳಿದರು. ಈಗ ಶನಿವಾರ ಬಂತೆಂದರೆ ಅವರೇ ನಮ್ಮ ಮನೆಗೆ ಬರುತ್ತಾರೆ.

ಶುರುವಾಗಿದ್ದು ಒಂದೇ ದೃಶ್ಯದಿಂದ. ಹುಡುಗಿ ಏನೋ ಮಾತಾಡುತ್ತಿದ್ದಾಳೆ, ಕೈಯಲ್ಲಿದ್ದ ಫೋನಿಗೆ ಅವಳ ಅಮ್ಮನ ಮೆಸೇಜ್ ಬರುತ್ತದೆ. ನಾನು ದುಡ್ಡು ಕಟ್ಟಿದ್ದ ಆ್ಯಪ್‌ನಲ್ಲಿ ಮಾತಿಗಷ್ಟೇ ಸಬ್‌ಟೈಟಲ್, ಮೆಸೇಜ್ ಹಾಗೇ ಜಪಾನೀಸ್‌ನಲ್ಲಿ. ಅದನ್ನು ಓದದಿದ್ದರೆ ಅವಳು ಯಾಕೆ ಅತ್ತಳು ಅಂತಲೇ ಗೊತ್ತಾಗುವುದಿಲ್ಲ.

ಡಿಸ್ಕೇ ಬೇಕು ಅನ್ನಿಸಿದ್ದಕ್ಕೆ ಕಾರಣ ಬೇರೆ. ಅನಿಮೆ ತೋರಿಸುವ ಆ್ಯಪ್‌ಗಳಲ್ಲಿ ಫ್ಯೂನಿಮೇಷನ್ ಮೊದಲೇ ಸೋನಿ ಕೈಯಲ್ಲಿತ್ತು, 2021ರಲ್ಲಿ ಸುಮಾರು 117 ಕೋಟಿ ಡಾಲರ್ ಕೊಟ್ಟು ಅದರ ಪ್ರತಿಸ್ಪರ್ಧಿ ಕ್ರಂಚಿರೋಲನ್ನೂ ಸೋನಿಯವರು ಕೊಂಡರು. 2024ರ ಏಪ್ರಿಲ್ 2ಕ್ಕೆ ಫ್ಯೂನಿಮೇಷನ್ ಆ್ಯಪ್ ನಿಂತಿತು. ಡಿಸ್ಕ್ ಜೊತೆ ಬರುತ್ತಿದ್ದ ಕೋಡ್ ಹಾಕಿ ಜನ ಪಡೆದಿದ್ದ ಡಿಜಿಟಲ್ ಕಾಪಿಗಳೂ ಹೋದವು. ಕಪಾಟಿನಲ್ಲಿದ್ದ ಡಿಸ್ಕ್ ಮಾತ್ರ ಉಳಿಯಿತು, ಅಲ್ವಾ?

ಮೊದಲು ಕೊಂಡ ಹಳೇ ಬ್ಲೂ-ರೇ ಡ್ರೈವ್ ಮೂರೇ ವಾರಕ್ಕೆ ಕೈಕೊಟ್ಟಿತು, 60 ಡಾಲರ್ ನೀರುಪಾಲು. ಡಿಸ್ಕಿನ ಸಬ್‌ಟೈಟಲ್ ಇರುವುದು ಚಿತ್ರದ ರೂಪದಲ್ಲಿ. ಅದನ್ನು ತಿದ್ದಬಲ್ಲ ಅಕ್ಷರವಾಗಿಸಲು ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ಸಾಫ್ಟ್‌ವೇರ್) ಓಡಿಸಿದರೆ ಇಂಗ್ಲಿಷಿನ ದೊಡ್ಡ ಐ, ಚಿಕ್ಕ ಎಲ್ ಎಲ್ಲಾ ಕಲಸುಮೇಲೋಗರ, ತಿದ್ದುವುದರಲ್ಲೇ ಎರಡು ತಿಂಗಳು ಹೋಯಿತು. ಆಮೇಲೆ ಎಮ್‌ಕೆವಿ (ವಿಡಿಯೊ, ಸಬ್‌ಟೈಟಲ್ ಎಲ್ಲ ಒಟ್ಟಿಗಿಡುವ ಫೈಲ್) ಒಳಗೆ ಫಾಂಟ್ ಸೇರಿಸುವುದನ್ನು ಮರೆತು, ಟಿವಿಯಲ್ಲಿ ದೃಶ್ಯದಲ್ಲಿನ ಬೋರ್ಡಿನ ಮೇಲೆ ಕೂರಬೇಕಿದ್ದ ಅನುವಾದದ ಅಕ್ಷರ ಗೋಡೆ ಮೇಲೆ ಬಂದು ಕೂತಿತ್ತು! ಈಗ ಸಬ್‌ಟೈಟಲ್ ಕೂರಿಸುವ ಸಾಫ್ಟ್‌ವೇರ್ ಏಜಿಸಬ್‌ನಲ್ಲಿ ಒಂದೊಂದು ಬೋರ್ಡು, ಒಂದೊಂದು ಮೆಸೇಜು ಅದರದರ ಜಾಗದಲ್ಲೇ, ಅದೇ ಬಣ್ಣದಲ್ಲಿ, ಅದೇ ಓರೆಯಲ್ಲಿ ಕೂರುತ್ತದೆ. ಕ್ಯಾಮೆರಾ ಜೊತೆ ಅಕ್ಷರ ನಡುಗದೆ ಸರಿಯುವಂತೆ ಮಾಡುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಮೊದಲು ಒಂದು ಎಪಿಸೋಡಿಗೆ ಆರು ಗಂಟೆ ಬೇಕಿತ್ತು, ಈಗ ಹೆಚ್ಚೆಂದರೆ ಒಂದು.

ಒಟ್ಟು ಖರ್ಚು 1,300 ಡಾಲರ್ ಆಸುಪಾಸು, ಅದರಲ್ಲಿ ಜಾಸ್ತಿ ಹೋಗಿದ್ದು ಸೆಕೆಂಡ್‌ಹ್ಯಾಂಡ್ ಡಿಸ್ಕಿಗೆ. ಅಮೆರಿಕ, ಜಪಾನ್ ಎರಡೂ ಬ್ಲೂ-ರೇ ರೀಜನ್ ಎ (ಒಂದೇ ವಲಯ, ಹಾಗಾಗಿ ಒಂದರ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡುತ್ತದೆ) ಆಗಿದ್ದು ಅನುಕೂಲವಾಯಿತು. ಆದರೆ ಜಪಾನ್ ಡಿಸ್ಕ್ ದುಬಾರಿ, ಎಷ್ಟೋ ಸಲ ಒಂದರಲ್ಲಿ ಎರಡು-ಮೂರೇ ಎಪಿಸೋಡು.

ಕಳೆದ ಬೇಸಿಗೆ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ಅವರಿಗೋಸ್ಕರ ಆ ಹುಡುಗಿಗೆ ಮೆಸೇಜ್ ಬರುವ ಅದೇ ಎಪಿಸೋಡಿಗೆ ಕನ್ನಡ ಸಬ್‌ಟೈಟಲ್ ಮಾಡಿದೆ. ಟಿವಿಯ ಪ್ಲೇಯರ್ ಒತ್ತಕ್ಷರವನ್ನೆಲ್ಲ ಬಿಡಿಸಿಟ್ಟು, 'ಅಮ್ಮ' ಹೋಗಿ 'ಅಮ್‌ಮ' ಆಯಿತು. ಎಂಪಿವಿ ಅನ್ನೋ ಬೇರೆ ಪ್ಲೇಯರ್‌ನಲ್ಲಿ ಹಾಕಿದೆ, ಸರಿಯಾಗಿ ಬಂತು. ಕನ್ನಡದ ಪದಗಳು ಉದ್ದ, ಇಂಗ್ಲಿಷಿನಷ್ಟೇ ಹೊತ್ತು ಇಟ್ಟರೆ ಅಮ್ಮನಿಗೆ ಓದಿ ಮುಗಿಯುತ್ತಿರಲಿಲ್ಲ, ಸಾಲುಗಳನ್ನು ಕತ್ತರಿಸಿ ಚಿಕ್ಕದು ಮಾಡಿದೆ. ಫೋನಿನ ಮೆಸೇಜ್ ಬಂದಾಗ ಅವರೇ ಜೋರಾಗಿ ಓದಿದರು.

ಎರಡನೇ ಸೀಸನ್ ಡಿಸ್ಕಿಗೆ 45 ಡಾಲರ್ ಹೇಳುತ್ತಿದ್ದಾರೆ. 30ಕ್ಕೆ ಇಳಿದರೆ ತಗೊಳ್ಳುತ್ತೇನೆ.