ಕಣ್ಣು ಮುಚ್ಚಿ ತಿಂದ ಆರು ಹಾಟ್ ಡಾಗ್

ಶಿಕಾಗೋ ಪಕ್ಕದ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಅಂಗಡಿಯಲ್ಲಿ ಹಾಟ್ ಡಾಗ್ (ಬನ್ನಿನಲ್ಲಿಟ್ಟು ತಿನ್ನುವ ಮಾಂಸದ ಸಾಸೇಜ್) ಸಾಲಿನ ಮುಂದೆ ನಿಂತು "ಯಾವುದು ತರಲಿ?" ಅಂತ ಹೆಂಡತಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ. "ಹೋದ ಸಲ ತಂದಿದ್ರಲ್ಲ ರೀ, ಅದು ಬೇಡ." ಹೋದ ಸಲ ಏನು ತಂದಿದ್ದೆ ಅನ್ನುವುದು ಇಬ್ಬರಿಗೂ ನೆನಪಿರುವುದಿಲ್ಲ.

ಈ ಸಲ ಜುಲೈ 4ರ ರಜೆಗೆ ಮುಂಚೆ ಇದನ್ನು ಒಂದು ದಡ ಮುಟ್ಟಿಸಿಬಿಡೋಣ ಅಂತ ಆರು ಪ್ಯಾಕೆಟ್ ತಂದೆ. ಆರೂ ಬೀಫ್‌ನವು. ಇಲ್ಲಿ ಲೇಬಲ್ ಓದುವುದನ್ನು ಕಲಿಯಲೇಬೇಕು. ಬರೀ "ಫ್ರಾಂಕ್ಸ್" (ಹಾಟ್ ಡಾಗ್‌ನ ಇನ್ನೊಂದು ಹೆಸರು) ಅಂತಿದ್ದರೆ ಒಳಗೆ ಕೋಳಿ, ಹಂದಿ, ದನ ಎಲ್ಲ ಬೆರೆತಿರಬಹುದು. "ಬೀಫ್ ಫ್ರಾಂಕ್ಸ್" ಅಂತಿದ್ದರೆ ಮಾಂಸ ದನದ್ದು ಮಾತ್ರ. ಕೊಬ್ಬು ನೂರಕ್ಕೆ 30 ಭಾಗ ಮೀರಬಾರದು, ಕೊಬ್ಬು ಮತ್ತು ಸೇರಿಸಿದ ನೀರು ಎರಡೂ ಕೂಡಿ 40 ಮೀರಬಾರದು ಅಂತ ಸರ್ಕಾರದ ನಿಯಮವೇ ಇದೆ. "ಅನ್‌ಕ್ಯೂರ್ಡ್", ಅಂದರೆ ಕೆಡದಂತೆ ನೈಟ್ರೈಟ್ ಹಾಕಿಲ್ಲ, ಅಂತ ಬರೆದದ್ದನ್ನು ನೋಡಿ ನಾನು ಬಹಳ ದಿನ ಮೋಸಹೋಗಿದ್ದೆ. ಅದರಲ್ಲಿ ನೈಟ್ರೈಟ್ ಪುಡಿಯ ಬದಲು ಸೆಲರಿ ಪುಡಿ ಹಾಕಿರುತ್ತಾರೆ. ಸೆಲರಿಯಿಂದ ಬರುವುದೂ ನೈಟ್ರೈಟೇ. ಬಣ್ಣ ಗುಲಾಬಿಯಾಗಿರುವುದು ಅದಕ್ಕೇ. ಮಸಾಲೆಯ ವಿಷಯದಲ್ಲಂತೂ ಲೇಬಲ್ ಬಾಯಿ ಬಿಡುವುದಿಲ್ಲ. ಕೊತ್ತಂಬರಿ ಬೀಜವೋ ಜಾಪತ್ರೆಯೋ ನಾಲಿಗೆಯೇ ಹುಡುಕಿಕೊಳ್ಳಬೇಕು.

ಆರರಲ್ಲಿ ಮೂರರ ಹೆಸರು ಹೇಳುತ್ತೇನೆ. ಒಂದು ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1916ರಲ್ಲಿ ಐದು ಸೆಂಟಿಗೆ ಮಾರಲು ಶುರುಮಾಡಿದ ನೇಥನ್ಸ್. ಇನ್ನೊಂದು 1905ರ ಹೀಬ್ರೂ ನ್ಯಾಷನಲ್. ಇದು ಯಹೂದಿಗಳ ಕೋಷರ್ ಕಟ್ಟಳೆಯಂತೆ, ಹಸುವಿನ ಮುಂಭಾಗದ ಮಾಂಸದಿಂದ ಮಾಡುವಂಥದ್ದು. ಮೂರನೆಯದು ನಮ್ಮೂರಿನ ಹೆಮ್ಮೆ ವಿಯೆನ್ನಾ ಬೀಫ್. ಉಳಿದ ಮೂರಕ್ಕೆ ನಂಬರ್ ಸಾಕು. ನಾಲ್ಕು ಜನ ಒಂದು ಮಧ್ಯಾಹ್ನ ಕೊಟ್ಟ ಮಾರ್ಕಿಗೆ ಯಾರ ಹೆಸರೂ ಕೆಡುವುದು ಬೇಡ.

ಚೀಟಿ ಬರೆಯಲು ಸಕಲೇಶಪುರದ ಗೆಳೆಯನನ್ನು ಕರೆದೆ. ಅವನು ಮೊಟ್ಟೆಯನ್ನೂ ಮುಟ್ಟುವವನಲ್ಲ. ಅದಕ್ಕೇ ಕರೆದದ್ದು. ಯಾವುದು ಗೆದ್ದರೂ ಅವನಿಗೆ ಒಂದೇ, ಅಲ್ವಾ? ವಿಯೆನ್ನಾ ಬೀಫ್ ಶುರುವಾದದ್ದು 1893ರ ಶಿಕಾಗೋ ವಿಶ್ವಮೇಳದಲ್ಲಿ, ವಲಸೆ ಬಂದ ಇಬ್ಬರು ಅಲ್ಲಿ ಸಾಸೇಜ್ ಮಾರಿದ್ದರು ಅಂತ ನಾನು ಹೇಳಿದಾಗ ಅವನು ಪೆನ್ನು ಕೆಳಗಿಟ್ಟ. "ತಡಿ ಮಾರಾಯ, ವಿವೇಕಾನಂದರು ಮಾತಾಡಿದ್ದೂ ಅದೇ ಮೇಳದಲ್ಲಲ್ವಾ?" ಹೌದು, ಸರ್ವಧರ್ಮ ಸಮ್ಮೇಳನ ಆ ಮೇಳದ ಅಂಗವಾಗಿಯೇ ನಡೆದದ್ದು. ಆಮೇಲೆ ಅವನು ವಿಯೆನ್ನಾ ಪ್ಯಾಕೆಟ್ಟನ್ನು ಸ್ವಲ್ಪ ಗೌರವದಿಂದ ನೋಡಿದ. ಮುಟ್ಟಲಿಲ್ಲ ಅಷ್ಟೆ.

ಮೊದಲ ತಪ್ಪು ಶನಿವಾರವೇ ಆಯಿತು. ಗ್ರಿಲ್ ಮೇಲೆ ಯಾವುದು ಯಾವುದು ಅಂತ ಗುರುತು ಸಿಗಲಿ ಎಂದು ಚಾಕುವಿನಿಂದ ತುದಿಯಲ್ಲಿ ಒಂದು ಗೀರು, ಎರಡು ಗೀರು, ಮೂರು ಗೀರು ಹಾಕಿದೆ. ಗೀರು ಜಾಸ್ತಿ ಇದ್ದಷ್ಟೂ ರಸ ಸೋರಿ ಬೆಂಕಿಗೆ ಬಿತ್ತು. ಆರು ಗೀರಿನದು ಒಣಗಿದ ಸೌದೆಯಂತಾಯಿತು. ಅದರ ರುಚಿ ಕೆಟ್ಟದ್ದು ನನ್ನ ಚಾಕುವಿನಿಂದ, ಕಂಪನಿಯಿಂದಲ್ಲ. ಮೇಲಾಗಿ ನಮ್ಮ ಗ್ರಿಲ್ಲಿನ ಒಂದು ಮೂಲೆ ಉರಿಯುತ್ತದೆ, ಇನ್ನೊಂದು ಮೂಲೆ ಬೆಚ್ಚಗಿರುತ್ತದೆ. ಹೋಲಿಸುವುದಕ್ಕೆ ಅದು ಆಗದು ಅಂತ ಬಿಟ್ಟೆ.

ಭಾನುವಾರ ದಾರಿ ಬದಲಿಸಿದೆ. ಹಾಟ್ ಡಾಗ್ ಬೆಂದೇ ಪ್ಯಾಕೆಟ್ಟಿಗೆ ಬಂದಿರುತ್ತದೆ, ನಾವು ಚೆನ್ನಾಗಿ ಬಿಸಿ ಮಾಡಿದರೆ ಸಾಕು. (ಬಸುರಿಯರು, ವಯಸ್ಸಾದವರು ಇದ್ದರೆ ಒಳಗಿನ ಬಿಸಿ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲೇಬೇಕು, ಲಿಸ್ಟೀರಿಯಾ ಅನ್ನುವ ರೋಗಾಣುವಿನ ಭಯ.) ನೀರು ಕುದಿಸಿ, ಒಲೆ ಆರಿಸಿ, ಹಾಟ್ ಡಾಗ್ ಬಿಟ್ಟು ಏಳು ನಿಮಿಷ ಮುಚ್ಚಿಟ್ಟೆವು. ಒಂದೊಂದಕ್ಕೂ ಬೇರೆ ನೀರು. ಒಂದೇ ಪಾತ್ರೆಯಾದರೆ ಒಂದರ ಬೆಳ್ಳುಳ್ಳಿ ಇನ್ನೊಂದಕ್ಕೆ ಇಳಿಯುತ್ತದೆ. ಆಮೇಲೆ ಎರಡು ನಿಮಿಷ ದೋಸೆ ಕಾವಲಿಯ ಮೇಲೆ ಉರುಳಿಸುವುದು. ಕಬ್ಬಿಣದ ಕಾವಲಿ ಒಮ್ಮೆ ಕಾದರೆ ಬಿಸಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. "ಆ ಕಾವಲಿ ಮುಟ್ಟಿದ್ರೆ ನೋಡಿ" ಅಂತ ಹೆಂಡತಿ ಹೇಳಿದ್ದು ನನಗೆ ಕೇಳಿಸಲಿಲ್ಲ. ಮುಂದಿನ ವಾರ ದೋಸೆ ಏಳದೆ ಹೋದಾಗ ಚೆನ್ನಾಗಿಯೇ ಕೇಳಿಸಿತು.

ಬೇಯಿಸಿ ಕತ್ತರಿಸುವ ಕೆಲಸ ಮಗಳದು. ತುದಿಗಳನ್ನು ತೆಗೆದು ಬೆರಳಗಲದ ತುಂಡು ಮಾಡಿದಳು. ತುದಿ ತೆಗೆದದ್ದಕ್ಕೆ ಕಾರಣವಿದೆ. ಕುರಿಯ ಕರುಳಿನಲ್ಲಿ ತುಂಬಿದ ಹಾಟ್ ಡಾಗ್‌ನ ತುದಿ ಸುಕ್ಕಾಗಿ ಮುಚ್ಚಿಕೊಂಡಿರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಬಹುಪಾಲು ಅಂಗಡಿ ಹಾಟ್ ಡಾಗ್‌ಗಳಿಗೆ ತೊಗಲೇ ಇಲ್ಲ. ಸೆಲ್ಯುಲೋಸ್ ಕೊಳವೆಯಲ್ಲಿ ತುಂಬಿ, ಬೇಯಿಸಿ, ಆ ಕೊಳವೆಯನ್ನು ಯಂತ್ರದಲ್ಲಿ ಸುಲಿದುಬಿಡುತ್ತಾರೆ. ತಿನ್ನುವವರು ನಾಲ್ವರು: ನಾನು, ಹೆಂಡತಿ, ಪಕ್ಕದ ಮನೆಯ ಗಂಡ ಹೆಂಡತಿ. ಆ ಗಂಡ ಶಿಕಾಗೋದಲ್ಲೇ ಹುಟ್ಟಿ ಬೆಳೆದವನು. ಎಲ್ಲರೂ ಕಣ್ಣು ಮುಚ್ಚಿ ತಿನ್ನಬೇಕು, ಹತ್ತಕ್ಕೆ ಮಾರ್ಕು ಹೇಳಬೇಕು. ಒಬ್ಬೊಬ್ಬರಿಗೂ ತಟ್ಟೆಯ ಕ್ರಮ ಬೇರೆ.

ನಡುವೆ ನಾಲಿಗೆ ಚೊಕ್ಕಟವಾಗಲಿ ಅಂತ ಮಜ್ಜಿಗೆ ಇಟ್ಟಿದ್ದೆ. ಅದು ನನ್ನ ಎರಡನೇ ತಪ್ಪು. ಅಭ್ಯಾಸಬಲದಿಂದ ಇಂಗಿನ ಒಗ್ಗರಣೆ ಹಾಕಿಬಿಟ್ಟಿದ್ದೆ. ಪಕ್ಕದ ಮನೆಯಾಕೆ ಮೊದಲ ತುಂಡಿಗೇ "ಇದರಲ್ಲಿ ಏನೋ ವಿಶೇಷ ಮಸಾಲೆ ಇದೆ" ಅಂದಳು. ಮಜ್ಜಿಗೆ ಒಳಗೆ ಹೋಯಿತು, ಸಪ್ಪೆ ಬನ್ನಿನ ಚೂರು ಮತ್ತು ನೀರು ಬಂತು.

ಇನ್ನೊಂದು ಗುಟ್ಟು ಮಾಡಿದ್ದೆ. ಆರು ಬಗೆಯಾದರೂ ತಟ್ಟೆ ಏಳು. ಆರರಲ್ಲಿ ಯಾವುದಾದರೂ ಒಂದನ್ನು ನೀನೇ ಆರಿಸಿ ಎರಡು ಸಲ ಇಡು ಅಂತ ಮಗಳಿಗೆ ಹೇಳಿದ್ದೆ. ಯಾವುದು ಅಂತ ನನಗೂ ಗೊತ್ತಿರಲಿಲ್ಲ. ಅವಳು ಎರಡನೇ ನಂಬರಿನದಕ್ಕೇ ಏಳನೇ ನಂಬರನ್ನೂ ಕೊಟ್ಟಳು. ಹೆಂಡತಿ ಎರಡಕ್ಕೆ 8 ಕೊಟ್ಟಳು, ಏಳಕ್ಕೆ 5. ಪಕ್ಕದವನು ಒಂದರಲ್ಲಿ ಹೊಗೆಯ ಪರಿಮಳ ಇದೆ, ಇನ್ನೊಂದರಲ್ಲಿ ಇಲ್ಲ ಅಂದ. ನಾನು ಎರಡಕ್ಕೆ "ಬೆಳ್ಳುಳ್ಳಿ ಹದವಾಗಿದೆ", ಏಳಕ್ಕೆ "ಬೆಳ್ಳುಳ್ಳಿಯೇ ಇಲ್ಲ" ಅಂದಿದ್ದೆ. ಗೆಳೆಯ ಅದನ್ನು ಗಟ್ಟಿಯಾಗಿ ಓದಿದಾಗ ಮಗಳು ನಕ್ಕು ನಕ್ಕು ಸೋಫಾದಿಂದ ಜಾರಿದಳು. ನನಗೆ ನಗು ಬರಲಿಲ್ಲ. ಒಂದೇ ವಸ್ತುವಿಗೆ ಮೂರು ಮಾರ್ಕಿನ ವ್ಯತ್ಯಾಸ ಬರುತ್ತದೆ ಅಂದಮೇಲೆ 7 ಮತ್ತು 8ರ ನಡುವೆ ಜಗಳಕ್ಕೆ ಅರ್ಥವೇ ಇಲ್ಲ. ಮಧ್ಯದ ಮೂರನ್ನು ಒಂದೇ ಗುಂಪಿಗೆ ಹಾಕಿದೆ. ನೇಥನ್ಸ್ ಆ ಗುಂಪಿನದು, ಜಿಡ್ಡು ರುಚಿ ಎರಡೂ ತುಂಬಿದ್ದು. ಹೀಬ್ರೂ ನ್ಯಾಷನಲ್ ಕೂಡ ಅದರಲ್ಲೇ.

ಮೊದಲು ಬಂದದ್ದು ನಾಲ್ಕನೇ ನಂಬರ್, ನಾಲ್ವರ ಲೆಕ್ಕದಲ್ಲೂ. ಎರಡನೆಯದು ವಿಯೆನ್ನಾ. ಅದಕ್ಕೆ ಕುರಿ ಕರುಳಿನ ತೊಗಲಿತ್ತು, ಹಲ್ಲಿಟ್ಟರೆ ಟಕ್ ಅನ್ನುತ್ತಿತ್ತು. ಕಣ್ಣು ಮುಚ್ಚಿದರೂ ಗುಟ್ಟು ಬಯಲು. ಆದರೆ ನಾಲ್ಕು? ಪ್ಯಾಕೆಟ್ ತಿರುಗಿಸಿ ನೋಡಿದೆ. ಆರರಲ್ಲಿ ಸೋಡಿಯಂ ಅತಿ ಜಾಸ್ತಿ ಇದ್ದದ್ದು ಅದರಲ್ಲೇ. ಜೊತೆಗೆ ಕಾರ್ನ್ ಸಿರಪ್. ಉಪ್ಪು, ಸಿಹಿ. ಬೆರಳಗಲದ ತುಂಡಿಗೆ ಇನ್ನೇನು ಬೇಕು? ಮದುವೆಮನೆಯ ಪಾಯಸವನ್ನು ಒಂದು ಚಮಚ ನೆಕ್ಕಿ ಅಡುಗೆಯವರಿಗೆ ಶಹಬ್ಬಾಸ್ ಹೇಳಿದ ಹಾಗಾಯಿತು ಅನ್ನಿಸಿತು. ನಾವು ಯಾರೂ ಹಾಟ್ ಡಾಗನ್ನು ತುಂಡಿನ ಲೆಕ್ಕದಲ್ಲಿ ತಿನ್ನುವುದಿಲ್ಲವಲ್ಲ.

ಅದಕ್ಕೇ ಮುಂದಿನ ಭಾನುವಾರ ಮತ್ತೆ ಸೇರಿದೆವು. ಈ ಸಲ ಮೂರೇ: ನಾಲ್ಕು, ವಿಯೆನ್ನಾ, ಮಧ್ಯದ ಗುಂಪಿನಿಂದ ಹೀಬ್ರೂ ನ್ಯಾಷನಲ್. ಬನ್, ಹಳದಿ ಮಸ್ಟರ್ಡ್, ಹೆಚ್ಚಿದ ಈರುಳ್ಳಿ, ಒಬ್ಬೊಬ್ಬರಿಗೆ ಮೂರೂ ಇಡಿಯಾಗಿ. ಬೆಳಿಗ್ಗೆ ಏನೂ ತಿಂದಿರಬಾರದು ಅಂತ ತಾಕೀತು. ನಾಲ್ಕನೇ ನಂಬರಿನ ಮೊದಲ ಕಚ್ಚು ಆಗಲೂ ಭರ್ಜರಿ. ಅರ್ಧಕ್ಕೆ ಬರುವಾಗ ಹೆಂಡತಿ ನೀರಿಗೆ ಕೈ ಹಾಕಿದಳು. ಮಸ್ಟರ್ಡ್‌ನಲ್ಲೂ ಉಪ್ಪಿದೆ, ಬನ್ನಿನಲ್ಲೂ ಸಿಹಿಯಿದೆ, ಎಲ್ಲ ಕೂಡಿ ಬಾಯಿ ಕಟ್ಟಿತು. ಇಬ್ಬರು ಅದನ್ನು ಪೂರ್ತಿ ತಿನ್ನಲಿಲ್ಲ. ಹೀಬ್ರೂ ನ್ಯಾಷನಲ್ ತುಂಡಿನಲ್ಲಿ ಸಾಧಾರಣ ಅನ್ನಿಸಿತ್ತು. ಇಡಿಯಾಗಿ ತಿಂದಾಗ ಬೆಳ್ಳುಳ್ಳಿ ನಿಧಾನವಾಗಿ ಏರಿತು, ಕೊನೆಯ ಕಚ್ಚೂ ಮೊದಲಿನಷ್ಟೇ ಚೆನ್ನಾಗಿತ್ತು. ನನ್ನ ಮತ್ತು ಹೆಂಡತಿಯ ವೋಟು ಅದಕ್ಕೆ. ಪಕ್ಕದವರಿಬ್ಬರ ವೋಟು ವಿಯೆನ್ನಾಕ್ಕೆ, ಅದನ್ನು ಬಿಟ್ಟುಕೊಡುವವರೂ ಅಲ್ಲ.

ಪಕ್ಕದವನು ಅಷ್ಟಕ್ಕೆ ಬಿಡಲಿಲ್ಲ. ಮನೆಗೆ ಹೋಗಿ ಗಸಗಸೆ ಬನ್, ಹಸಿರು ರೆಲಿಶ್ (ಸಣ್ಣಗೆ ಹೆಚ್ಚಿದ ಸೌತೆಯ ಉಪ್ಪಿನಕಾಯಿ), ಟೊಮೇಟೊ, ಉಪ್ಪಿನಲ್ಲಿ ನೆನೆಸಿದ ಸೌತೆ, ಪುಟ್ಟ ಹಸಿಮೆಣಸು, ಸೆಲರಿ ಉಪ್ಪು ಎಲ್ಲ ತಂದು ಶಿಕಾಗೋ ಶೈಲಿಯಲ್ಲಿ ಮೂರನ್ನೂ ಕಟ್ಟಿಕೊಟ್ಟ. ಕೆಚಪ್ ಹೆಸರು ಮಾತ್ರ ಸುಮ್ನೆ ಕೂಡ ಎತ್ತುವಂತಿಲ್ಲ. ಇಷ್ಟೆಲ್ಲ ಹೊತ್ತ ಮೇಲೆ ಯಾವುದು ನಾಲ್ಕು, ಯಾವುದು ಹೀಬ್ರೂ ನ್ಯಾಷನಲ್ ಅಂತ ನಮ್ಮಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಉಳಿದದ್ದು ವಿಯೆನ್ನಾದ ಆ ಟಕ್ ಒಂದೇ.

ಹಾಗಾಗಿ ಈಗ ನಮ್ಮ ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಇರುತ್ತವೆ. ಬರೀ ಮಸ್ಟರ್ಡ್ ಹಚ್ಚಿ ತಿನ್ನುವ ದಿನಕ್ಕೆ ಒಂದು, ಪಕ್ಕದವನು ಬರುವ ದಿನಕ್ಕೆ ಇನ್ನೊಂದು. ಮಿಕ್ಕ ನಾಲ್ಕನೇ ನಂಬರನ್ನು ಮಗಳು ಸಣ್ಣಗೆ ಹೆಚ್ಚಿ ಮೊಟ್ಟೆ ಪಲ್ಯಕ್ಕೆ ಹಾಕಿ ಮುಗಿಸಿದಳು, ಅಲ್ಲಿ ಉಪ್ಪೇ ಬೇಕಾಗಲಿಲ್ಲ.

ಗೆಳೆಯ ಮಾರ್ಕಿನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಊರಿಂದ ನಾಲ್ಕು ಬಗೆಯ ಕಾಫಿಪುಡಿ ಬಂದಿದೆಯಂತೆ, ಚಿಕೋರಿ ಇರುವುದು ಎರಡು, ಇಲ್ಲದ್ದು ಎರಡು. ಬರುವ ಶನಿವಾರ ಅವನ ಮನೆಯಲ್ಲಿ ಐದು ಲೋಟ. ಚೀಟಿ ಬರೆಯುವವನು ನಾನು.