ಬರೆಯುವ ಹೊತ್ತು, ಬರೆಯದ ಹೊತ್ತು

ಲೇಖನ ಯಾವಾಗ ಕೊಡುತ್ತೀರಿ ಎಂದು ಸಂಪಾದಕರು ಕೇಳಿದರೆ ನಾನು ತಕ್ಷಣ ಉತ್ತರ ಹೇಳುವುದಿಲ್ಲ. 1200 ಪದ ತಾನೇ, ಒಂದು ದಿನ ಸಾಕಲ್ವಾ ಎಂದು ಅವರೇ ಮಾತು ಮುಂದುವರಿಸುತ್ತಾರೆ. ಸಾಕಾಗಬಹುದು. ಒಂದು ವಾರ ಬೇಕಾದರೂ ಬೇಕು. ಪದಗಳ ಲೆಕ್ಕ ಹಿಡಿದು ಹೊತ್ತು ಹೇಳಲು ಹೋದರೆ ಅದು ಸರಿಹೋಗುವುದು ಅಪರೂಪ.

ಲೇಖನ, ಅನುವಾದ, ನಡುನಡುವೆ ಒಂದಷ್ಟು ಕತೆ, ಇವನ್ನೇ ನಂಬಿಕೊಂಡವರಿಗೆ ಈ ಪ್ರಶ್ನೆ ದಿನಾ ಇದ್ದದ್ದೇ. ನನ್ನ ಅನುಭವದಲ್ಲಿ ಬರವಣಿಗೆಯ ವೇಗ ನಿರ್ಧಾರವಾಗುವುದು ಮೇಜಿನ ಮುಂದೆ ಕೂರುವ ಮೊದಲೇ. ಹೇಳಬೇಕಾದದ್ದು ತಲೆಯಲ್ಲಿ ಎಷ್ಟು ಹದಕ್ಕೆ ಬಂದಿದೆ ಅನ್ನುವುದೇ ಮುಖ್ಯ. ಬೆಳಗ್ಗೆಯೋ ರಾತ್ರಿಯೋ, ಪೆನ್ನೋ ಕಂಪ್ಯೂಟರೋ, ಮೂಡ್ ಇದೆಯೋ ಇಲ್ಲವೋ, ಇವೆಲ್ಲ ಸ್ವಲ್ಪ ಆಚೀಚೆ ಮಾಡುತ್ತವೆ ಅಷ್ಟೇ.

ಬೆರಳಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಕನ್ನಡದಲ್ಲಿ ನಿಮಿಷಕ್ಕೆ 20 ಪದ ಟೈಪ್ ಮಾಡುವುದು, ರೂಢಿ ಇದ್ದವರಿಗೆ, ದೊಡ್ಡ ಸಾಹಸವೇನಲ್ಲ. ಅಷ್ಟೇ ಹಿಡಿದರೂ ಗಂಟೆಗೆ 1200 ಪದ ಆಯಿತು. ಅಂದರೆ ಒಂದು ಲೇಖನ ಒಂದು ಗಂಟೆಯಲ್ಲಿ ಮುಗಿಯಬೇಕು. ನನಗಂತೂ ಮುಗಿದಿಲ್ಲ. ಹಾಗಾದರೆ ತಡ ಆಗುತ್ತಿರುವುದು ಬೆರಳಿನಿಂದ ಅಲ್ಲ. ಹೊಸದಾಗಿ ಕಲಿಯುವಾಗ ಮಾತ್ರ ಬೆರಳು ಕಾಡುತ್ತದೆ. ಒತ್ತಕ್ಷರವೋ ಅರ್ಕಾವತ್ತೋ ಬಂದಾಗಲೆಲ್ಲ ಕಣ್ಣು ಕೀಲಿಮಣೆಗೆ ಇಳಿಯುತ್ತದೆ, ಮತ್ತೆ ತೆರೆಗೆ ಬರುವಷ್ಟರಲ್ಲಿ ವಾಕ್ಯದ ಅರ್ಧ ಮರೆತಿರುತ್ತದೆ. ನಾನು ನುಡಿ ತಂತ್ರಾಂಶದಲ್ಲಿ ಕಲಿತವರ ಪೈಕಿ. ಕೈಗೆ ಅಭ್ಯಾಸವಾದ ಮೇಲೆ ಅದರ ಬಗ್ಗೆ ಯೋಚಿಸುವುದೇ ನಿಂತುಹೋಯಿತು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರೂ ನನ್ನಷ್ಟೇ ಬೇಗ ಬರೆಯುತ್ತಾರೆ. ಯಾವುದಾದರೂ ಒಂದನ್ನು ಹಿಡಿದು, ನೋಡದೆ ಒತ್ತುವಷ್ಟು ರೂಢಿ ಮಾಡಿಕೊಂಡರೆ ಆಯಿತು.

ಪದಗಳ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಸವಾಲು ಅಮೆರಿಕದಲ್ಲಿ 1999ರಲ್ಲಿ ಶುರುವಾಯಿತು, ಮರುವರ್ಷದಿಂದ ಅದಕ್ಕೆ ನವೆಂಬರ್ ತಿಂಗಳು ಗೊತ್ತಾಯಿತು. ದಿನಕ್ಕೆ ಸುಮಾರು 1667 ಪದ ಬೀಳುತ್ತದೆ. ಇದನ್ನು ಓದಿ ಕನ್ನಡದಲ್ಲೂ ಅಷ್ಟೇ ಬರೆಯಲು ಹೊರಟವರು ಆಮೇಲೆ ತಮ್ಮನ್ನೇ ಬೈದುಕೊಳ್ಳುವುದನ್ನು ನೋಡಿದ್ದೇನೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ನಾಲ್ಕು ಪದ ಎಂದು ಎಣಿಸುವುದು ಇಲ್ಲಿ ಎಷ್ಟೋ ಸಲ ಒಂದೇ ಪದ. ಅದೇ ವಿಷಯವನ್ನು ಕನ್ನಡದಲ್ಲಿ ಬರೆದಾಗ ಪದಗಳು ಸಹಜವಾಗಿಯೇ ಕಡಿಮೆ. ಹೊರಗಿನ ಗುರಿಯನ್ನು ಹಾಗೇ ತಂದು ತಲೆಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ನಾನು ಪದ ಎಣಿಸುವುದು ಸಂಪಾದಕರಿಗೆ ಕಳಿಸುವ ಮುಂಚೆ ಮಾತ್ರ.

ಹಾಗಾದರೆ ಹೊತ್ತು ಎಲ್ಲಿ ಹೋಗುತ್ತದೆ? ಒಂದು ಪ್ಯಾರಾವನ್ನೇ ಬಿಡಿಸಿ ತೋರಿಸುತ್ತೇನೆ. ಮಕ್ಕಳಿಗಾಗಿ ಗುಡುಗು ಮಿಂಚಿನ ಬಗ್ಗೆ ಬರೆಯಬೇಕಿತ್ತು. ಮಿಂಚು ತನ್ನ ದಾರಿಯ ಗಾಳಿಯನ್ನು ಒಮ್ಮೆಲೇ ವಿಪರೀತ ಬಿಸಿ ಮಾಡುತ್ತದೆ, ಆ ಗಾಳಿ ಸಿಡಿದಂತೆ ಹಿಗ್ಗುತ್ತದೆ, ಅದೇ ಗುಡುಗಿನ ಸದ್ದು. ಬೆಳಕು ಕಣ್ಣಿಗೆ ತಕ್ಷಣ ತಲುಪುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ಹಾಗಾಗಿ ಮಿಂಚು ಕಂಡು ಮೂರು ಸೆಕೆಂಡಿಗೆ ಗುಡುಗು ಕೇಳಿದರೆ, ಮಿಂಚು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರದಲ್ಲಿದೆ ಎಂದು ಲೆಕ್ಕ. ಇಲ್ಲಿಯವರೆಗೆ ಕೈ ಸರಾಗವಾಗಿ ಓಡಿತು. ಆಮೇಲಿನ ವಾಕ್ಯವನ್ನು ‘ಗುಡುಗು ಒಂದೇ ಏಟಿಗೆ ನಿಲ್ಲದೆ ಗುಡುಗುಡು ಎಂದು ಉರುಳುವುದು ಏಕೆಂದರೆ’ ಎಂದು ಶುರುಮಾಡಿದೆ. ಅಲ್ಲೇ ನಿಂತೆ.

ಆ ಅರ್ಧ ವಾಕ್ಯವನ್ನು ಹಿಂದೆಮುಂದೆ ಮಾಡಿ ನೋಡಿದೆ. ‘ಏಕೆಂದರೆ’ ತೆಗೆದೆ, ಪ್ರಶ್ನೆಯಾಗಿ ಬದಲಿಸಿದೆ, ಪ್ಯಾರಾ ಒಡೆದೆ. ಯಾವುದೂ ಕೂರಲಿಲ್ಲ. ಕೂರುವುದಾದರೂ ಹೇಗೆ? ಕಾರಣವೇ ನನಗೆ ಗೊತ್ತಿರಲಿಲ್ಲ. ಎದ್ದುಹೋಗಿ ಓದಿದೆ. ಅರ್ಧ ದಿನ ಅದಕ್ಕೇ ಹೋಯಿತು. ಮಿಂಚಿನ ಗೆರೆ ಕಿಲೋಮೀಟರುಗಟ್ಟಲೆ ಉದ್ದ ಇರುತ್ತದೆ. ಅದರ ಉದ್ದಕ್ಕೂ ಸದ್ದು ಹುಟ್ಟುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಆದರೆ ಒಂದೊಂದು ಭಾಗ ನಮ್ಮಿಂದ ಒಂದೊಂದು ದೂರದಲ್ಲಿರುತ್ತದೆ. ಇದು ತಿಳಿದ ಮೇಲೆ ಬರೆದದ್ದು ಹೀಗೆ: ‘ಮಿಂಚಿನ ಒಂದು ತುದಿ ನಿಮಗೆ ಹತ್ತಿರ, ಇನ್ನೊಂದು ದೂರ. ಹತ್ತಿರದ ಸದ್ದು ಮೊದಲು ಬರುತ್ತದೆ. ದೂರದ್ದು ಆಮೇಲೆ ಬರುತ್ತದೆ. ನಡುವಿನದ್ದೆಲ್ಲ ಸಾಲಾಗಿ ಬರುತ್ತಲೇ ಇರುತ್ತದೆ.’ ಪುಟ್ಟ ಪುಟ್ಟ ವಾಕ್ಯಗಳು. ಒಂದೂ ಪದ ಹುಡುಕಬೇಕಾಗಿ ಬರಲಿಲ್ಲ.

ಆವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ವಾಕ್ಯ ಕೂರದಿದ್ದಾಗ, ಇದನ್ನು ಎದುರಿಗೆ ಕೂತವರಿಗೆ ಬಾಯಲ್ಲಿ ಹೇಳಬಲ್ಲೆನಾ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಹೇಳಲು ಆಗುತ್ತದೆ ಅಂದರೆ ತೊಂದರೆ ಇರುವುದು ಭಾಷೆಯಲ್ಲಿ. ಬಾಯಲ್ಲಿ ಹೇಗೆ ಬಂತೋ ಹಾಗೇ ಇಳಿಸುತ್ತೇನೆ, ಆಮೇಲೆ ತಿದ್ದಿದರಾಯಿತು. ಹೇಳಲು ಆಗುವುದಿಲ್ಲ ಅಂದರೆ ಸರಕೇ ಇಲ್ಲ ಅಂತ ಅರ್ಥ. ಆಗ ಮೇಜಿನ ಮುಂದೆ ಕೂತಷ್ಟು ಹೊತ್ತೂ ದಂಡ. ‘ಬರೆಯಲು ಆಗುತ್ತಿಲ್ಲ’ ಎಂದು ಗೆಳೆಯರು ಹೇಳುವಾಗ, ಬಹಳಷ್ಟು ಸಲ ಅವರಿಗೆ ಬೇಕಾಗಿರುವುದು ಒಂದು ಫೋನ್ ಕರೆಯೋ ಒಂದು ಪುಸ್ತಕವೋ ಆಗಿರುತ್ತದೆ. ಸ್ಫೂರ್ತಿ ಅಲ್ಲ.

ವೇಗದ ಕತೆಗಳು ಬಂದಾಗ ರಷ್ಯಾದ ಕಾದಂಬರಿಕಾರ ದೊಸ್ತೊಯೆವ್‌ಸ್ಕಿಯ ಹೆಸರು ಬಂದೇ ಬರುತ್ತದೆ. 1866ರಲ್ಲಿ ‘ದಿ ಗ್ಯಾಂಬ್ಲರ್’ ಕಾದಂಬರಿಯನ್ನು ಆತ 26 ದಿನಗಳಲ್ಲಿ ಮುಗಿಸಿದ. ಗಡುವು ತಪ್ಪಿದರೆ ಮುಂದಿನ ಒಂಬತ್ತು ವರ್ಷ ಆತನ ಬರಹಗಳನ್ನು ಸಂಭಾವನೆ ಕೊಡದೆ ಅಚ್ಚು ಹಾಕುವ ಹಕ್ಕು ಪ್ರಕಾಶಕನಿಗೆ ಹೋಗುತ್ತಿತ್ತು. ಅನ್ನಾ ಎಂಬ ಶೀಘ್ರಲಿಪಿಗಾರ್ತಿಯನ್ನು ಇಟ್ಟುಕೊಂಡು ಹೇಳಿ ಬರೆಸಿದ. ಮುಂದೆ ಅವಳನ್ನೇ ಮದುವೆಯಾದ. ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಹೊಸ ಬರಹಗಾರರು ಹೆದರಿಕೊಳ್ಳುತ್ತಾರೆ. ಆದರೆ ಇದೇ ಜೂಜುಕೋರನ ಕತೆಯ ರೂಪರೇಷೆಯನ್ನು ಆತ 1863ರಲ್ಲೇ ಗೆಳೆಯನಿಗೆ ಕಾಗದದಲ್ಲಿ ಬರೆದಿದ್ದ. ರೂಲೆಟ್ ಎಂಬ ಜೂಜಿನ ಚಟ ಆತನಿಗೇ ಇತ್ತು, ಅದರ ಸಂಕಟಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ. ಹೇಳಿ ಬರೆಸುವ ಮುಂಚೆ ರಾತ್ರಿ ಕೂತು ಟಿಪ್ಪಣಿ ಬೇರೆ ಮಾಡಿಕೊಳ್ಳುತ್ತಿದ್ದ. ಅಂದಮೇಲೆ ಆ ಕಾದಂಬರಿಗೆ ಹಿಡಿದದ್ದು 26 ದಿನವೋ, ಮೂರು ವರ್ಷವೋ?

ಹೇಳಿ ಬರೆಸುವುದು ಈಗ ಎಲ್ಲರ ಕೈಗೂ ಬಂದಿದೆ. ಮೊಬೈಲಿಗೆ ಮಾತಾಡಿದರೆ ಕನ್ನಡ ಅಕ್ಷರ ಮೂಡುತ್ತದೆ. ನಾನೂ ಬಳಸುತ್ತೇನೆ, ನಡೆಯುವಾಗ ಹೊಳೆದದ್ದನ್ನು ಹಿಡಿದಿಡಲು. ಇಡೀ ಲೇಖನ ಅದರಲ್ಲೇ ಮಾಡಲು ಹೋದರೆ ಮಾತ್ರ ಉಳಿದ ಹೊತ್ತೆಲ್ಲ ತಿದ್ದುವುದರಲ್ಲಿ ಹೋಗುತ್ತದೆ. ಬಾಯಿ ಒಂದೇ ಮಾತನ್ನು ಮೂರು ಸಲ ಹೇಳುತ್ತದೆ. ಪೂರ್ಣವಿರಾಮ ಇರುವುದಿಲ್ಲ. ಹೆಸರುಗಳು ಏನೇನೋ ಆಗಿರುತ್ತವೆ.

ಬರಹದ ಬಗೆ ಬದಲಾದರೆ ವೇಗವೂ ಬದಲಾಗುತ್ತದೆ. ಅನುವಾದ ನನಗೆ ಹೆಚ್ಚು ನಂಬಿಕೆಯ ಕೆಲಸ. ಏನು ಹೇಳಬೇಕು ಅನ್ನುವುದನ್ನು ಬೇರೆಯವರು ಆಗಲೇ ತೀರ್ಮಾನ ಮಾಡಿರುತ್ತಾರೆ, ಹೇಗೆ ಅನ್ನುವುದಷ್ಟೇ ನನ್ನ ಪಾಲು. ದಿನಕ್ಕೆ ಇಷ್ಟು ಪುಟ ಎಂದು ಧೈರ್ಯವಾಗಿ ಹೇಳಬಹುದು. ಸಂದರ್ಶನದ ಬರಹದಲ್ಲಿ ರೆಕಾರ್ಡಿಂಗ್ ಕೇಳಿ ಇಳಿಸುವುದೇ ದೊಡ್ಡ ಕೆಲಸ. ಒಂದು ಗಂಟೆಯ ಮಾತು ಕೇಳಲು ಒಂದು ಗಂಟೆ ಸಾಕಾಗುವುದಿಲ್ಲ, ನಿಲ್ಲಿಸಿ ಹಿಂದೆ ಹೋಗಿ ಮತ್ತೆ ಕೇಳಿ ಅದು ಮೂರು ನಾಲ್ಕು ಪಟ್ಟಾಗುತ್ತದೆ. ಕತೆಯಲ್ಲಿ ಸಂಭಾಷಣೆ ಓಡುತ್ತದೆ. ಒಬ್ಬನನ್ನು ಕುರ್ಚಿಯಿಂದ ಎಬ್ಬಿಸಿ ಬಾಗಿಲವರೆಗೆ ನಡೆಸುವುದಕ್ಕೆ ಮಾತ್ರ ಇಡೀ ಬೆಳಗು ಬೇಕಾಗುತ್ತದೆ, ಯಾಕೆ ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಪುಟ್ಟ ಬರಹ ಬೇಗ ಆಗುತ್ತದೆ ಅನ್ನುವುದೂ ಸುಳ್ಳು. 300 ಪದದಲ್ಲಿ ಮುಗಿಸಬೇಕು ಅಂದರೆ ಯಾವುದನ್ನು ಬಿಡಬೇಕು ಅನ್ನುವುದಕ್ಕೇ ಹೊತ್ತು ಹಿಡಿಯುತ್ತದೆ.

ಸಿದ್ಧತೆ ಎಲ್ಲ ಆಗಿ, ಕೂತ ಮೇಲೂ ನಿಧಾನ ಮಾಡುವುದು ಎರಡು ಸಂಗತಿ.

ಒಂದು, ಬರೆಯುತ್ತಲೇ ತಿದ್ದುವುದು. ಮೊದಲ ಪ್ಯಾರಾ ಚೆನ್ನಾಗಿ ಆಗುವವರೆಗೆ ಎರಡನೆಯದಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದರೆ ಸಂಜೆಯವರೆಗೆ ಮೊದಲ ಪ್ಯಾರಾವೇ ಗತಿ. ಮೊದಲ ಪ್ಯಾರಾವನ್ನು ನಾನು ಕೊನೆಗೆ ಬರೆಯುತ್ತೇನೆ. ಲೇಖನ ಎಲ್ಲಿಗೆ ಹೋಗಿ ಮುಟ್ಟಿತು ಅಂತ ಗೊತ್ತಾದ ಮೇಲೆ ಬಾಗಿಲು ಎಲ್ಲಿಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕರಡಿನಲ್ಲಿ ಇಸವಿಯೋ ಹೆಸರೋ ನೆನಪಾಗದಿದ್ದರೆ ಅಲ್ಲಿ ಮೂರು ನಕ್ಷತ್ರ ಹಾಕಿ ಮುಂದೆ ಹೋಗುತ್ತೇನೆ. ಒಂದು ಇಸವಿ ಹುಡುಕಲು ಬ್ರೌಸರ್ ತೆರೆದವರು ಬೇಗ ವಾಪಸ್ ಬಂದದ್ದುಂಟಾ?

ಇನ್ನೊಂದು, ನಡುವೆ ಬಂದು ಹೋಗುವ ಅಡ್ಡಿಗಳು. ಐದು ನಿಮಿಷದ ಕರೆ ಐದು ನಿಮಿಷಕ್ಕೆ ಮುಗಿಯುವುದಿಲ್ಲ. ಮತ್ತೆ ಕೂತಾಗ ಎಲ್ಲಿದ್ದೆ ಎಂದು ಹಿಂದಿನ ಒಂದೆರಡು ಪುಟ ಓದಬೇಕು. ಓದುತ್ತಾ ತಿದ್ದಲು ಕೈ ಹೋಗುತ್ತದೆ. ಅಷ್ಟರಲ್ಲಿ ಮುಂದಿನ ವಾಕ್ಯ ಮರೆತಿರುತ್ತದೆ. ಮೊಬೈಲನ್ನು ಸೈಲೆಂಟ್ ಮಾಡಿದರೆ ಸಾಲದು, ಬೇರೆ ಕೋಣೆಯಲ್ಲಿ ಇಡಬೇಕು. ಕಣ್ಣಿಗೆ ಕಂಡರೆ ಕೈ ಹೋಗುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬರೆಯುವವರಿಗೆ ಈ ಸಲಹೆ ಕೊಡಲು ನನಗೆ ನಾಚಿಕೆಯಾಗುತ್ತದೆ. ಅವರ ವೇಗವನ್ನು ಒಂಟಿ ಕೋಣೆಯವರ ವೇಗದ ಜೊತೆ ಹೋಲಿಸಲೇಬಾರದು.

ಅರ್ಧಕ್ಕೆ ಎದ್ದುಹೋಗಲೇಬೇಕಾದಾಗ, ಮುಂದೆ ಏನು ಬರುತ್ತದೆ ಅಂತ ಗೊತ್ತಿರುವ ಕಡೆಯೇ ನಿಲ್ಲಿಸುತ್ತೇನೆ. ಮುಂದಿನ ವಾಕ್ಯದ ನಾಲ್ಕು ಪದ ಗೀಚಿ ಬಿಟ್ಟಿರುತ್ತೇನೆ. ಮರುದಿನ ಬೆಳಗ್ಗೆ ಕೂತಾಗ ಖಾಲಿ ಪುಟ ಎದುರಾಗುವುದಿಲ್ಲ. ಇಂಗ್ಲೆಂಡಿನ ಆಂಥನಿ ಟ್ರೋಲಪ್ ಎಂಬ ಕಾದಂಬರಿಕಾರ ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಅಂಚೆ ಇಲಾಖೆಯ ನೌಕರಿ ಇತ್ತು, ಹಾಗಾಗಿ ಬೆಳಗ್ಗೆ ಐದೂವರೆಗೇ ಶುರು. ಮೂರು ಗಂಟೆ ಕೂರುತ್ತಿದ್ದ. ಈ 250ರ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಆತ ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದ, ಅದನ್ನು ಹೇಳುವುದು ಕಡಿಮೆ. ನನ್ನ ಪ್ರಕಾರ ಕಲಿಯಬೇಕಾದದ್ದು ಆ ಅರ್ಧ ಗಂಟೆಯನ್ನು. ನಿನ್ನೆಯದನ್ನು ಓದಿದರೆ ಅದರ ಲಯ ಕಿವಿಗೆ ಬೀಳುತ್ತದೆ, ಇವತ್ತಿನದು ಬೇರೆ ಯಾರೋ ಬರೆದಂತೆ ಕೇಳಿಸುವುದಿಲ್ಲ.

ತಿದ್ದುವುದಕ್ಕೆ ಕರಡಿಗಿಂತ ಜಾಸ್ತಿ ಹೊತ್ತು ಇಡುತ್ತೇನೆ. ನಡುವೆ ಒಂದು ರಾತ್ರಿಯಾದರೂ ಕಳೆಯಬೇಕು. ಆಗ ತಾನೇ ಬರೆದದ್ದನ್ನು ಓದಿದರೆ ಕಣ್ಣಿಗೆ ಕಾಣುವುದು ಪುಟದಲ್ಲಿರುವುದಲ್ಲ, ತಲೆಯಲ್ಲಿರುವುದು. ಬೆಳಗ್ಗೆ ಗಟ್ಟಿಯಾಗಿ ಓದುತ್ತೇನೆ. ಉಸಿರು ಕಟ್ಟಿದ ಕಡೆ ವಾಕ್ಯ ಒಡೆಯುತ್ತೇನೆ, ನಾಲಿಗೆ ತಡವರಿಸಿದ ಕಡೆ ಪದ ಬದಲಿಸುತ್ತೇನೆ. ಎಷ್ಟು ಸಲ ತಿದ್ದಬೇಕು ಅನ್ನುವುದಕ್ಕೆ ನನ್ನ ಗುರುತು ಸರಳ. ತೆಗೆದ ಅಲ್ಪವಿರಾಮವನ್ನು ಮತ್ತೆ ಅಲ್ಲೇ ಹಾಕಲು ಶುರುಮಾಡಿದರೆ ಕಳಿಸಿಬಿಡುತ್ತೇನೆ.

ಗಡುವಿನ ಬಗ್ಗೆ ಒಂದು ಮಾತು. ಗಡುವು ಇದ್ದರೆ ಬೇಗ ಬರೆಯುತ್ತೇವೆ ಅನ್ನುವುದು ಅರ್ಧ ನಿಜ. ಕರಡು ಬರೆಯುವ ಹೊತ್ತನ್ನು ಅದು ಅಷ್ಟೇನೂ ಕಡಿಮೆ ಮಾಡುವುದಿಲ್ಲ. ಇನ್ನೊಂದು ಪುಸ್ತಕ ಓದಿ ಶುರುಮಾಡೋಣ, ಇನ್ನೊಬ್ಬರನ್ನು ಕೇಳೋಣ ಅನ್ನುವ ಆಸೆಯನ್ನು ಕತ್ತರಿಸುತ್ತದೆ. ಗೊತ್ತಿರುವ ವಿಷಯದಲ್ಲಿ ಅದು ಉಪಕಾರ. ಗೊತ್ತಿಲ್ಲದ ವಿಷಯದಲ್ಲಿ ಅದೇ ಗಡುವು ಕೆಟ್ಟ ಲೇಖನ ಬರೆಸುತ್ತದೆ.

ಈಗ ಸಂಪಾದಕರು ಕೇಳಿದಾಗ ನಾನೇ ತಿರುಗಿ ಕೇಳುತ್ತೇನೆ. ಇದಕ್ಕೆ ಯಾರನ್ನಾದರೂ ಮಾತಾಡಿಸಬೇಕಾ? ಅವರು ಸಿಗುತ್ತಾರಾ? ಓದುಗರು ಯಾರು? ಈ ವಿಷಯವನ್ನು ಹಿಂದೆ ಮುಟ್ಟಿದ್ದೇನಾ ಎಂದು ನನ್ನ ಹಳೆಯ ಟಿಪ್ಪಣಿ ತೆಗೆದು ನೋಡುತ್ತೇನೆ. ಮುಟ್ಟಿದ್ದರೆ ನಾಳೆ ಎನ್ನುತ್ತೇನೆ. ಹೊಸ ವಿಷಯವಾದರೆ ಎರಡು ದಿನ ಬಿಟ್ಟು ಹೇಳುತ್ತೇನೆ ಎನ್ನುತ್ತೇನೆ. ಆ ಎರಡು ದಿನ ಓದಿದ ಮೇಲೆ ಹೇಳುವ ದಿನಾಂಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಕಾದಂಬರಿಗೆ ಮಾತ್ರ ದಿನಾಂಕ ಹೇಳುವುದಿಲ್ಲ. ಒಂದು ನಡೆಯುತ್ತಿದೆ, ಅದು ಯಾವಾಗ ಮುಗಿಯುತ್ತದೆ ಎಂದು ಕೇಳುವವರಿಗೆ ಎಷ್ಟು ಅಧ್ಯಾಯ ಆಗಿದೆ ಅಂತ ಹೇಳಿ ಸುಮ್ಮನಾಗುತ್ತೇನೆ.

ಸಂಭಾವನೆಯ ಲೆಕ್ಕವನ್ನೂ ಇದಕ್ಕೆ ಹೊಂದಿಸಿಕೊಂಡಿದ್ದೇನೆ. ಪದಕ್ಕೆ ಇಷ್ಟು ಎಂದು ಕೊಡುವ ಕಡೆ, ಕೂತು ತಿದ್ದಿ 300 ಪದ ತೆಗೆದರೆ ಲೇಖನ ಚೆನ್ನಾಗುತ್ತದೆ, ದುಡ್ಡು ಕಡಿಮೆಯಾಗುತ್ತದೆ. ಅನುವಾದಕ್ಕೆ ಆ ಲೆಕ್ಕ ಸರಿ. ಲೇಖನಕ್ಕೆ ಮಾತ್ರ ಇಡಿಯಾಗಿ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳುತ್ತೇನೆ, ಓಡಾಟ ಮತ್ತು ಓದಿನ ದಿನಗಳನ್ನೂ ಅದರಲ್ಲೇ ಸೇರಿಸಿ.